ಸೀಟಿನಲ್ಲಿ ಸೊಪ್ಪು, ರಸ್ತೆಯಲ್ಲಿ ಅಕ್ಕಯಮ್ಮ

ನನ್ನ ಅಕ್ಷರ ಚೆನ್ನಾಗಿಲ್ಲ. ಗೆರೆ ಎಳೆದ ಕಾಗದದಲ್ಲಿಯೂ ಸಾಲು ಮೇಲಕ್ಕೆ ಹತ್ತಿಬಿಡುತ್ತದೆ. ಪದಗಳೂ ಹೆಚ್ಚು ಗೊತ್ತಿಲ್ಲ, ಏಳನೆಯ ತರಗತಿಗೆ ಶಾಲೆ ಬಿಟ್ಟವಳು ನಾನು. ಓದುವವರು ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು. ಜಯನಗರದ ಮಹಿಳಾ ಸಮಾಜದ ವಿಮಲಕ್ಕ, ಸಮಾಜದ ಕೈಬರಹದ ಪತ್ರಿಕೆಗೆ ನನಗೆ ಚೆನ್ನಾಗಿ ಗೊತ್ತಿರುವ ಒಬ್ಬರ ವಿಷಯ ಬರೆದುಕೊಡಬೇಕೆಂದು ಕೇಳಿದರು. ನನಗೆ ಚೆನ್ನಾಗಿ ಗೊತ್ತಿರುವುದು ವಸಂತಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿರುವ ಅಕ್ಕಯಮ್ಮ. ನಾನು ಕಂಡದ್ದನ್ನು ಕಂಡಂತೆ ಬರೆದಿದ್ದೇನೆ. ಕಾಣದ್ದನ್ನು ಯಾರು ಹೇಳಿದರೆಂದು ಬರೆದಿದ್ದೇನೆ.

ಮೊದಲು ಅಕ್ಕಯಮ್ಮನನ್ನು ಬಹುವಚನದಲ್ಲಿ ಬರೆದಿದ್ದೆ. ಓದಿ ಹೇಳಿದಾಗ ಅವಳು ಸ್ವಲ್ಪ ಹೊತ್ತು ಕೇಳಿ, "ಯಾರವ್ವ ಆಯಮ್ಮ? ನಮ್ಮೂರಲ್ಲಿ ಅಂಥೋರು ಇದ್ದಾರಾ?" ಎಂದಳು. ಆದ್ದರಿಂದ ಏಕವಚನಕ್ಕೆ ತಿದ್ದಿದ್ದೇನೆ.

ಅಕ್ಕಯಮ್ಮನಿಗೆ ವಯಸ್ಸು ಐವತ್ತೈದು ಅಥವಾ ಅರವತ್ತೆರಡು. ಡಾಕ್ಟರಿಗೆ ಮೊದಲನೆಯದನ್ನು ಹೇಳುತ್ತಾಳೆ, ಜಗಳವಾಡುವಾಗ ಎರಡನೆಯದನ್ನು ಹೇಳುತ್ತಾಳೆ. ಕೆರೆಯ ಕೆಳಗೆ ಅವಳಿಗೆ ಸ್ವಲ್ಪ ಜಾಗವಿದೆ. ಅಲ್ಲಿ ದಂಟು, ಮೆಂತ್ಯ, ಸಬ್ಬಸಿಗೆ, ಕೊತ್ತಂಬರಿ ಬೆಳೆಯುತ್ತಾಳೆ. ಸಂಜೆ ಕಿತ್ತು, ಕಟ್ಟು ಕಟ್ಟಿ, ಒದ್ದೆ ಗೋಣಿ ಹೊದಿಸಿಟ್ಟು, ಬೆಳಗಾಗುವುದಕ್ಕೆ ಮುಂಚೆ ತಲೆಯ ಮೇಲೆ ಬುಟ್ಟಿ ಹೊತ್ತು ಹೊರಡುತ್ತಿದ್ದಳು. ಜಯನಗರದ ನಾಲ್ಕನೆಯ ಬ್ಲಾಕಿಗೆ ನಾಲ್ಕು ಮೈಲಿ. ಅಲ್ಲಿ ಒಂದು ಹೊಂಗೆಮರದ ಕೆಳಗೆ ಅವಳ ಜಾಗ. ಸುತ್ತ ಮನೆಗಳೇ ಇಲ್ಲದಿದ್ದಾಗ ಅವಳು ಅಲ್ಲಿ ಕೂರಲು ಶುರುಮಾಡಿದವಳು. ಆಗ ಕೊಳ್ಳುವವರು ಮನೆ ಕಟ್ಟುವ ಗಾರೆಯವರು ಮಾತ್ರ. ಈಗ ಅಡಿಗೆಗೆ ಒಲೆ ಹಚ್ಚುವ ಮೊದಲು ಅಕ್ಕಯಮ್ಮ ಬಂದಳೇ ಎಂದು ನೋಡುವ ಮನೆಗಳು ಮೂವತ್ತಕ್ಕೂ ಹೆಚ್ಚು ಇವೆ.

ಹೋದ ವರ್ಷ, ಅಂದರೆ ೧೯೬೪ರ ಶ್ರಾವಣದಲ್ಲಿ, ಅವಳ ಬಲಗಾಲಿನ ಮಂಡಿ ತೆಂಗಿನಕಾಯಿಯಷ್ಟು ಊದಿಕೊಂಡಿತು. ನಡೆದರೆ ತೊಂದರೆಯಿಲ್ಲ, ಭಾರ ಹೊತ್ತರೆ ಮಂಡಿ ಹೋಗುತ್ತದೆ ಎಂದು ಡಾಕ್ಟರು ಹೇಳಿದರು. ಇದರಲ್ಲಿ ಒಂದು ಕಷ್ಟವಿತ್ತು. ಅಲ್ಲಿನ ಸೊಪ್ಪಿನವರಲ್ಲಿ ಒಂದು ಕಟ್ಟಳೆ ಇದೆ. ಹದಿನೈದು ದಿನ ಖಾಲಿ ಬಿಟ್ಟ ಜಾಗ ಬೇರೆಯವರದಾಗುತ್ತದೆ. ಅಕ್ಕಯಮ್ಮ ವಾರಕ್ಕೊಮ್ಮೆ ಖಾಲಿ ಬುಟ್ಟಿಯನ್ನು ಕಂಕುಳಲ್ಲಿ ಇಟ್ಟುಕೊಂಡು ನಾಲ್ಕು ಮೈಲಿ ನಡೆದು, ಮರದ ಕೆಳಗೆ ಒಂದು ಗಂಟೆ ಕೂತು, ಎದ್ದು ಬರುತ್ತಿದ್ದಳು.

ಗೊಟ್ಟಿಗೆರೆಯಿಂದ ಬರುವ ಗೌರಮ್ಮ ಬಿಸಿಲಿನಲ್ಲಿ ಕೂರುವವಳು. ಅವಳು ಪ್ರತಿ ಸಲವೂ ಬಹಳ ಪ್ರೀತಿಯಿಂದ, "ಮಂಡಿ ಹೆಂಗದೆ ಅಕ್ಕಯ್ಯ?" ಎಂದು ಕೇಳುತ್ತಿದ್ದಳಂತೆ.

"ಅವಳು ಕೇಳ್ತಿರೋದು ಮಂಡಿನಲ್ಲ ಕಣೆ, ನೆರಳನ್ನ," ಎಂದು ಅಕ್ಕಯಮ್ಮ ನನಗೆ ಹೇಳಿದಳು.

ಕೊನೆಗೆ ಸೊಪ್ಪಿನವರೆಲ್ಲ ಸೇರಿ, ಖಾಲಿ ಬುಟ್ಟಿ ಲೆಕ್ಕಕ್ಕಿಲ್ಲ, ದೀಪಾವಳಿಯವರೆಗೆ ನೋಡುತ್ತೇವೆ, ಅಷ್ಟರಲ್ಲಿ ದಿನಾ ತುಂಬಿದ ಬುಟ್ಟಿ ಬರುವ ದಾರಿ ಆಗದಿದ್ದರೆ ಮರ ಗೌರಮ್ಮನಿಗೆ ಎಂದು ತೀರ್ಮಾನ ಮಾಡಿದರು.

ಊರಿಗೆ ಬಸ್ಸು ಬಂದರೆ ಬುಟ್ಟಿ ಹೊರುವ ಕೆಲಸವಿಲ್ಲ. ಆದರೆ ಬಸ್ಸು ದೂರದಲ್ಲೇ ತಿರುಗಿಕೊಂಡು ಹೋಗುತ್ತಿತ್ತು.

ಆಗ ನಮ್ಮೂರಿನಲ್ಲಿ ಎಲ್ಲರ ಬಾಯಲ್ಲಿಯೂ ಒಂದೇ ವಿಷಯ. ಏಕಾಂತಯ್ಯನವರ ಕಿರಾಣಿ ಅಂಗಡಿಗೆ ಬೆಳಿಗ್ಗೆ ಹತ್ತಕ್ಕೆ ಸೈಕಲ್ಲಿನಲ್ಲಿ ಪತ್ರಿಕೆ ಬರುತ್ತಿತ್ತು. ಅವರು ಅದನ್ನು ಗಟ್ಟಿಯಾಗಿ ಓದುತ್ತಿದ್ದರು. ಕೇಳುವವರು ಏನೂ ಕೊಳ್ಳದೆ ಕೂತಿರುತ್ತಿದ್ದರು. ಒಂದು ದಿನ ನಾನು ಸೀಗೆಪುಡಿ ತರಲು ಹೋಗಿದ್ದೆ, ಅಕ್ಕಯಮ್ಮ ಬೆಲ್ಲಕ್ಕೆ ಬಂದಿದ್ದಳು.

"ಜಿಲ್ಲೆಗೊಂದು ವಿಮಾನ ನಿಲ್ದಾಣ ಆಗಬೇಕು ಅಂತ ಒಬ್ರು, ಆ ದುಡ್ಡಲ್ಲಿ ಬಸ್ಸು ತಗೊಳ್ಳಿ ಅಂತ ಇನ್ನೊಬ್ರು. ಭಾರೀ ಚರ್ಚೆ ನಡೆದಿದೆ," ಎಂದರು ಏಕಾಂತಯ್ಯ. "ನನ್ನ ಕೇಳಿದ್ರೆ ವಿಮಾನವೇ ಸರಿ."

"ನಿಮ್ಮನ್ನ ಯಾರು ಕೇಳಿದ್ರು?" ಎಂದ ಚಿಕ್ಕಬೈರಪ್ಪ. ಅವನು ಹಿಂದೆ ಎತ್ತಿನ ಗಾಡಿ ಹೊಡೆಯುತ್ತಿದ್ದವನು. ಒಂದು ಎತ್ತು ಸತ್ತ ಮೇಲೆ ಗಾಡಿ ಮಾರಿ, ಹೀಗೆ ಮಾತಾಡಿಕೊಂಡು ಇದ್ದಾನೆ.

"ಕೇಳ್ಲಿ, ಬಿಡ್ಲಿ. ವಿಮಾನ ಇಳಿದ ಕಡೆ ಕಾರ್ಖಾನೆ ಬರುತ್ತೆ. ಕಾರ್ಖಾನೆ ಬಂದ್ರೆ ಕೆಲಸ ಬರುತ್ತೆ. ಬಸ್ಸು ಬಂದ್ರೆ ಏನು ಬರುತ್ತೆ? ಧೂಳು."

"ನೀವು ವಿಮಾನ ನೋಡಿದೀರಾ?"

"ದಿನಾ ನೋಡ್ತೀನಿ. ತಲೆ ಮೇಲೇ ಹೋಗುತ್ತಲ್ಲ."

"ತಲೆ ಮೇಲೆ ಹೋಗೋದು ನಮ್ಮ ಕೋಳಿಗಳಿಗೂ ಕಾಣ್ತದೆ. ಹತ್ರದಿಂದ ನೋಡಿದೀರಾ ಅಂದೆ."

ಏಕಾಂತಯ್ಯ ಪತ್ರಿಕೆಯ ಹಾಳೆ ತಿರುಗಿಸಿದರು. ಆಗ ಅಕ್ಕಯಮ್ಮ ಬೆಲ್ಲದ ಪೊಟ್ಟಣ ಕಟ್ಟುವುದನ್ನೇ ನೋಡುತ್ತ ಕೇಳಿದಳು.

"ವಿಮಾನದಲ್ಲಿ ಬಂದೋರು ಆ ನಿಲ್ದಾಣದಲ್ಲಿ ಇಳೀತಾರಲ್ಲ ಏಕಾಂತಯ್ನೋರೆ, ಆಮೇಲೆ ಮನೆಗೆ ಹೆಂಗೆ ಹೋಯ್ತಾರೆ?"

"ಅಲ್ಲಿಂದ," ಎಂದು ಏಕಾಂತಯ್ಯ ಶುರುಮಾಡಿ ನಿಲ್ಲಿಸಿದರು. "ಅಲ್ಲಿಂದ ಬಸ್ಸು ಇರುತ್ತೆ."

ಅಂಗಡಿಯಲ್ಲಿ ಎದ್ದ ನಗುವಿಗೆ ಹೊರಗೆ ಮಲಗಿದ್ದ ನಾಯಿ ಎದ್ದು ಓಡಿತು. ಚಿಕ್ಕಬೈರಪ್ಪ ಅವರೆಕಾಳಿನ ಮೂಟೆಯ ಮೇಲಿಂದ ಕೆಳಕ್ಕೆ ಜಾರಿದ. ಏಕಾಂತಯ್ಯನವರೂ ನಕ್ಕರು, ಆದರೆ ಬೆಲ್ಲವನ್ನು ಸ್ವಲ್ಪ ಕಡಿಮೆ ತೂಗಿದರು ಎಂದು ಅಕ್ಕಯಮ್ಮ ಹೇಳುತ್ತಾಳೆ. ನನಗೆ ಅದು ಕಾಣಲಿಲ್ಲ.

ಮುಂದಿನ ಭಾನುವಾರ ಅರಳಿಕಟ್ಟೆಯ ಹತ್ತಿರ ಸಭೆಯಾಯಿತು. ಜೀಪಿನಲ್ಲಿ ಬಂದವರು ರೇವಣಸಿದ್ದಪ್ಪನವರು. ಅವರು ನಮ್ಮ ಕಡೆಯ ಮುಖಂಡರು, ಬಸ್ಸುಗಳ ವಿಷಯ ನೋಡುವ ಯಾವುದೋ ಸಮಿತಿಯಲ್ಲಿ ಇದ್ದರು. ಏಕಾಂತಯ್ಯನವರೇ ಹಾರ ಹಾಕಿ ಅಧ್ಯಕ್ಷರಾಗಿ ಕೂತರು. ರೇವಣಸಿದ್ದಪ್ಪನವರು ಚೆನ್ನಾಗಿ ಮಾತಾಡಿದರು. ದೂರದ ಜಿಲ್ಲೆಯಲ್ಲಿ ಒಬ್ಬ ರೋಗಿಗೆ ಔಷಧಿ ಬೇಕಾದರೆ ವಿಮಾನದಲ್ಲಿ ಎರಡು ಗಂಟೆಯಲ್ಲಿ ತಲುಪುತ್ತದೆ, ಬಸ್ಸಿನಲ್ಲಿ ತಲುಪುವಷ್ಟರಲ್ಲಿ ರೋಗಿ ಇರುವುದಿಲ್ಲ ಎಂದರು. ಹಳ್ಳಿಗಳಿಗೆ ಓಡುವ ಬಸ್ಸು ಖಾಲಿ ಓಡುತ್ತದೆ, ಖಾಲಿ ಬಸ್ಸಿಗೆ ಸುರಿದ ದುಡ್ಡು ಯಾರಿಗೂ ದಕ್ಕುವುದಿಲ್ಲ ಎಂದರು. ಕೇಳುವಾಗ ನನಗೆ ಅವರ ಮಾತೂ ಸರಿ ಎನ್ನಿಸಿತು. ಈಗಲೂ ಔಷಧಿಯ ಮಾತು ಸರಿ ಎಂದೇ ಅನ್ನಿಸುತ್ತದೆ.

ಅಷ್ಟರಲ್ಲಿ ಅಕ್ಕಯಮ್ಮ ಹಿಂದಿನಿಂದ ಎದ್ದು ನಿಂತಳು. "ನಮ್ಮೂರಿಗೆ ಒಂದು ಬಸ್ಸು ಬೇಕು ಸ್ವಾಮಿ."

"ಒಂದು ಬಸ್ಸು ನಿಮ್ಮೂರಿಗೆ ಬಂದು ಹೋದ್ರೆ ಸರ್ಕಾರಕ್ಕೆ ಎಷ್ಟು ನಷ್ಟ ಗೊತ್ತಾ ತಾಯಿ?"

"ನನ್ನ ಮಂಡಿಗೆ ಆಗಿರೋ ನಷ್ಟ ನಿಮಗೆ ಗೊತ್ತಾ?"

ಜನ ನಕ್ಕರು. ರೇವಣಸಿದ್ದಪ್ಪನವರೂ ನಗುತ್ತ ಪಕ್ಕಕ್ಕೆ ತಿರುಗಿದರು. "ಹತ್ತೋರು ಯಾರಮ್ಮ ಇಲ್ಲಿ? ಏಕಾಂತಯ್ಯನವರೇ, ನೀವು ಊರಿನ ಹಿರಿಯರು. ನೀವೇ ಹೇಳಿ, ಎಷ್ಟು ಜನ ಹತ್ತುತಾರೆ?"

"ಒಬ್ರೂ ಹತ್ತಲ್ಲ ಸ್ವಾಮಿ," ಎಂದರು ಏಕಾಂತಯ್ಯ. ಅಧ್ಯಕ್ಷರ ಕುರ್ಚಿಯಲ್ಲಿ ಕೂತ ಸಂತೋಷಕ್ಕೆ ಹಾಗೆ ಅಂದುಬಿಟ್ಟೆ ಎಂದು ಆಮೇಲೆ ಅವರೇ ಹೇಳಿದರು.

ಊರಿನವರು ಕೂಗಾಡಲು ಶುರುಮಾಡಿದರು. ರೇವಣಸಿದ್ದಪ್ಪನವರು ಕೈಯೆತ್ತಿ, "ಆಗಲಿ. ಎಂಟು ದಿನ ಬೆಳಿಗ್ಗೆ ಒಂದು ಟ್ರಿಪ್ಪು ಬಿಡಿಸ್ತೀನಿ. ಎಂಟನೇ ದಿನ ಅಧಿಕಾರಿ ಜೊತೆ ನಾನೇ ಜಯನಗರದಲ್ಲಿ ನಿಂತು ನೋಡ್ತೀನಿ. ಮೂವತ್ತು ಜನ ಇಳಿದ್ರೆ ಬಸ್ಸು ನಿಮ್ದು. ಇಪ್ಪತ್ತೊಂಬತ್ತಾದ್ರೆ ಮತ್ತೆ ಬಸ್ಸು ಅನ್ನಬಾರದು," ಎಂದರು.

ಎಂಟನೆಯ ದಿನವಾದ ಮೇಲೆ ದೀಪಾವಳಿಗೆ ಐದೇ ದಿನ ಉಳಿಯುತ್ತಿತ್ತು.

ಮೊದಲ ದಿನ ಬಸ್ಸು ಬಂದದ್ದನ್ನು ನಾನು ಮರೆಯುವುದಿಲ್ಲ. ಇನ್ನೂ ಮಂಜಿತ್ತು. ಹಾರನ್ನು ಕೇಳಿ ಹುಂಜಗಳೆಲ್ಲ ಇನ್ನೊಂದು ಸಲ ಕೂಗಿದವು. ನಮ್ಮೂರಿನಲ್ಲಿ ಸೊಪ್ಪು, ಹೂವು ಮಾರುವ ಹೆಂಗಸರು ಇಪ್ಪತ್ತೆಂಟು ಮಂದಿ. ಎಲ್ಲರೂ ತಲೆ ಬಾಚಿ, ಹೂ ಮುಡಿದು, ಬುಟ್ಟಿ ಇಟ್ಟುಕೊಂಡು ಸಾಲಾಗಿ ನಿಂತಿದ್ದರು. ಅಕ್ಕಯಮ್ಮ ಮುಂದಾಳು. ಕಂಡಕ್ಟರ್ ಸೀನು ಬಾಗಿಲು ತೆಗೆದ. ಅವನಿಗೆ ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ, ಶರಟು ದೊಡ್ಡದಾಗಿತ್ತು.

ಹೆಂಗಸರು ಒಬ್ಬೊಬ್ಬರಾಗಿ ಹತ್ತಿ, ಒಂದೊಂದು ಸೀಟಿನ ಮೇಲೆ ಒಂದೊಂದು ಬುಟ್ಟಿ ಇಟ್ಟು, ಗೋಣಿ ಸರಿಮಾಡಿ, ಸೊಪ್ಪಿಗೆ ನೀರು ಚಿಮುಕಿಸಿ, ಇಳಿದು ಬಂದರು. ಇಳಿದು ಬಸ್ಸಿನ ಹಿಂದೆ ನಿಂತರು.

"ಹತ್ತ್ರಮ್ಮ, ಹೊತ್ತಾಯ್ತು," ಎಂದ ಸೀನು.

"ನೀನು ನಡಿಯಪ್ಪ, ನಾವು ಹಿಂದೆ ಬತ್ತೀವಿ," ಎಂದಳು ಅಕ್ಕಯಮ್ಮ.

ಇದನ್ನು ಸ್ವಲ್ಪ ವಿವರಿಸಬೇಕು. ಚಿಕ್ಕಬೈರಪ್ಪನ ಗಾಡಿ ಇದ್ದ ಕಾಲದಲ್ಲಿ ನಮ್ಮೂರಿನ ಪದ್ಧತಿಯೇ ಹಾಗೆ. ಭಾರ ಗಾಡಿಯಲ್ಲಿ, ಜನ ಗಾಡಿಯ ಹಿಂದೆ. ಎತ್ತು ನಮ್ಮ ಬುಟ್ಟಿ ಎಳೆಯುವಾಗ ನಾವೂ ಏರಿ ಕೂತರೆ ಅದು ಮಾನವಿಲ್ಲದವರ ಕೆಲಸ. ಕಾಯಿಲೆಯವರು, ಬಾಣಂತಿಯರು ಮಾತ್ರ ಕೂರಬಹುದು.

"ನಮ್ಮ ಭಾರ ಹೊರೋದರ ಮೇಲೆ ನಾವೇ ಹತ್ತಿ ಕೂತ್ರೆ ನಾಚಿಕೆ ಆಗಲ್ವೇನಪ್ಪ?" ಎಂದು ಅಕ್ಕಯಮ್ಮ ಕೇಳಿದಳು.

"ಅದು ಎತ್ತಲ್ಲಮ್ಮ, ಇಂಜಿನ್ನು."

"ಇಂಜಿನ್ನಾದ್ರೆ ಏನು, ಹೆಂಗೆ ಏದುಸಿರು ಬಿಡ್ತಾ ಅದೆ ನೋಡು."

ಬುಟ್ಟಿಗಳನ್ನು ಅಲ್ಲಿ ಇಳಿಸುವವರು ಯಾರೆಂದು ಡ್ರೈವರಿಗೆ ಯೋಚನೆಯಾಯಿತು. ಹೆಂಗಸರನ್ನು ಬಿಟ್ಟು ಹೋಗುವ ಹಾಗಿರಲಿಲ್ಲ. ಡ್ರೈವರ್ ಬಸ್ಸನ್ನು ನಡಿಗೆಯ ವೇಗದಲ್ಲಿ ಬಿಟ್ಟರು. ಮುಂದೆ ಸೊಪ್ಪು ತುಂಬಿದ ಬಸ್ಸು, ಹಿಂದೆ ಇಪ್ಪತ್ತೆಂಟು ಹೆಂಗಸರು, ಬುಟ್ಟಿ ಹಿಡಿದುಕೊಡಲು ಹೋದ ನಾನು. ತಲೆಯ ಮೇಲೆ ಏನೂ ಇಲ್ಲದ್ದರಿಂದ ಯಾರಿಗೂ ಕೈ ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಒಬ್ಬರು ನಗಲು ಶುರುಮಾಡಿದರು, ಅದು ಕೊನೆಯವರೆಗೆ ಹರಡಿತು. ಇಳಿಜಾರಿನಲ್ಲಿ ಬಸ್ಸು ಸ್ವಲ್ಪ ಜೋರಾದಾಗ ನಾವೆಲ್ಲ ಸೆರಗು ಸಿಕ್ಕಿಸಿ ಓಡಿದೆವು. ಏರಿನಲ್ಲಿ ಬಸ್ಸು ಮುಗ್ಗರಿಸಿದಾಗ ಅಕ್ಕಯಮ್ಮ ಅದರ ಬೆನ್ನು ತಟ್ಟಿ, "ನಿಧಾನ ನಿಧಾನ," ಎಂದಳು. ಬನಶಂಕರಿ ಗುಡಿಯ ಹತ್ತಿರ ಹೂ ಕಟ್ಟುವವರು ಎದ್ದು ನಿಂತು ನೋಡಿದರು.

ಬಸ್ಸಿನೊಳಗೆ ಒಬ್ಬರೇ ಇದ್ದರು. ಪೇಟೆಯಿಂದ ಸಾಮಾನು ತರಬೇಕಾಗಿದ್ದ ಏಕಾಂತಯ್ಯ, ಡ್ರೈವರ್ ಹಿಂದಿನ ಸೀಟಿನಲ್ಲಿ, ತೊಡೆಯ ಮೇಲೆ ಯಾರದೋ ಕೊತ್ತಂಬರಿ ಬುಟ್ಟಿ ಇಟ್ಟುಕೊಂಡು ಕೂತಿದ್ದರು.

ಜಯನಗರದಲ್ಲಿ ಸೀನು ತನ್ನ ಹಾಳೆಯನ್ನು ಅಕ್ಕಯಮ್ಮನಿಗೆ ತೋರಿಸಿದ. "ಪ್ರಯಾಣಿಕರು, ಒಂದು. ನೋಡಮ್ಮ, ಬುಟ್ಟಿ ಬರೆಯೋಕೆ ಇಲ್ಲಿ ಜಾಗವೇ ಇಲ್ಲ. ಎಂಟನೇ ದಿನಾನೂ ಹಿಂಗೇ ಆದ್ರೆ ಬಸ್ಸು ಹೋಯ್ತು ಅಂತ ತಿಳ್ಕೊ."

ಅಕ್ಕಯಮ್ಮನ ಮುಖ ಸಣ್ಣದಾಯಿತು. ಎದುರಿಗೇ ಹೊಂಗೆಮರ ಇತ್ತು. ಅವಳು ಅಂದು ಸೊಪ್ಪು ಮಾರುವಾಗ ಬೆಲೆಗೆ ಜಗಳವಾಡಲಿಲ್ಲ ಎಂದು ಗೌರಮ್ಮ ಹೇಳಿದಳು.

ಮಾರನೆಯ ದಿನ ಎಲ್ಲರೂ ಬಸ್ಸಿನಲ್ಲೇ ಕೂರಬೇಕೆಂದು ಅಕ್ಕಯಮ್ಮ ಮನೆ ಮನೆಗೆ ಹೋಗಿ ಹೇಳಿದಳು. ಎತ್ತಲ್ಲ, ಇಂಜಿನ್ನು ಎಂದು ಅವಳೇ ಈಗ ಎಲ್ಲರಿಗೂ ಹೇಳಬೇಕಾಯಿತು. ಒಪ್ಪಿದರು. ಹತ್ತಿದರು, ಹದಿನೈದು ಪೈಸೆ ಕೊಟ್ಟು ಟಿಕೆಟ್ಟನ್ನೂ ತೆಗೆದುಕೊಂಡರು. ಆದರೆ ಬುಟ್ಟಿಗಳನ್ನು ಸೀಟಿನ ಮೇಲೆ ಇಟ್ಟು ತಾವು ಕೆಳಗೆ ಕೂತರು. ಕೆಳಗಿಟ್ಟರೆ ಕಾಲು ತಗುಲಿ ಸೊಪ್ಪು ನಲುಗುತ್ತದೆ, ನಲುಗಿದ ಸೊಪ್ಪನ್ನು ಯಾರೂ ಕೊಳ್ಳುವುದಿಲ್ಲ, ಮನುಷ್ಯರು ನಲುಗಿದರೆ ಕೊಡವಿಕೊಂಡು ಏಳಬಹುದು. ಸೀನು ಎರಡು ದಿನ ಹೇಳಿ ನೋಡಿದ. ನಾಲ್ಕನೆಯ ದಿನದಿಂದ ಹೆಂಗಸರ ನಡುವೆ ಕಾಲಿಡುತ್ತ, "ಸ್ವಲ್ಪ ಕೈ ತೆಗೀರಕ್ಕ, ಸ್ವಲ್ಪ ಜಡೆ ತೆಗೀರಕ್ಕ," ಎನ್ನುತ್ತ ಟಿಕೆಟ್ ಹರಿಯುವುದನ್ನು ಕಲಿತುಕೊಂಡ. ಬಸ್ಸು ಕುಲುಕಿದಾಗಲೆಲ್ಲ ನಾವೆಲ್ಲ ಒಟ್ಟಿಗೆ ಎಡಕ್ಕೆ ಬಿದ್ದು, ಒಟ್ಟಿಗೆ ಬಲಕ್ಕೆ ಬಿದ್ದು ನಗುತ್ತಿದ್ದೆವು. ಏಕಾಂತಯ್ಯನವರೂ ದಿನಾ ಬರುತ್ತಿದ್ದರು. ಪೇಟೆಯಲ್ಲಿ ಅವರಿಗೆ ಇಷ್ಟು ಕೆಲಸ ಇತ್ತೆಂದು ಊರಿಗೆ ಗೊತ್ತೇ ಇರಲಿಲ್ಲ.

ಎಣಿಸಿ ನೋಡಿದೆವು. ಹೆಂಗಸರು ಇಪ್ಪತ್ತೆಂಟು, ನಾನು, ಚಿಕ್ಕಬೈರಪ್ಪ, ಏಕಾಂತಯ್ಯ. ಮೂವತ್ತೊಂದು. ಒಂದು ಹೆಚ್ಚೇ ಇದೆ ಎಂದು ಅಕ್ಕಯಮ್ಮ ಧೈರ್ಯವಾಗಿದ್ದಳು.

ಎಂಟನೆಯ ದಿನ ಬೆಳಿಗ್ಗೆ ಅಂಜನಮ್ಮನ ಹಸು ಈಯಲು ಶುರುಮಾಡಿತು. ಅವಳು ಬರಲಿಲ್ಲ. ಹಸುವನ್ನು ಬೈಯುವ ಹಾಗೂ ಇರಲಿಲ್ಲ.

ಬಸ್ಸು ನಾಲ್ಕನೆಯ ಬ್ಲಾಕಿಗೆ ತಿರುಗುವಾಗ ಏಕಾಂತಯ್ಯ ಕಿಟಕಿಯಿಂದ ನೋಡಿದರು. ಹೊಂಗೆಮರದ ಹತ್ತಿರ ರೇವಣಸಿದ್ದಪ್ಪನವರು, ಪಕ್ಕದಲ್ಲಿ ಪುಸ್ತಕ ಹಿಡಿದ ಅಧಿಕಾರಿ. ಏಕಾಂತಯ್ಯ ತಕ್ಷಣ ಎದ್ದು ಹಿಂದಕ್ಕೆ ಹೋಗಿ ಕೊನೆಯ ಸೀಟಿನ ಬುಟ್ಟಿಗಳ ಮರೆಗೆ ಕೂತುಬಿಟ್ಟರು.

ಹೊರಗಿನಿಂದ ಹೇಗೆ ಕಂಡಿತೆಂದು ಗೌರಮ್ಮ ಹೇಳಿದ್ದಾಳೆ. ಬಸ್ಸಿನ ಕಿಟಕಿಗಳಲ್ಲೆಲ್ಲ ಸೊಪ್ಪು, ಒಂದು ತಲೆಯೂ ಇಲ್ಲ. ರೇವಣಸಿದ್ದಪ್ಪನವರು ಅಧಿಕಾರಿಯ ಭುಜ ತಟ್ಟಿ, "ನೋಡಿದ್ರಾ, ನಾನು ಹೇಳಲಿಲ್ವಾ, ಜನವೇ ಇಲ್ಲ," ಎಂದರಂತೆ. ಗೌರಮ್ಮ ತನ್ನ ಬುಟ್ಟಿಯನ್ನು ನೆರಳಿನ ಕಡೆಗೆ ಒಂದು ಮೊಳ ಸರಿಸಿದಳಂತೆ. ಇದನ್ನು ಅವಳೇ ಹೇಳಿದಳು, ಬರೆಯಬಹುದು ಎಂದೂ ಹೇಳಿದಳು.

ಬಾಗಿಲು ತೆರೆಯಿತು. ಅಕ್ಕಯಮ್ಮ ಇಳಿದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಸೀರೆ ಕೊಡವಿಕೊಳ್ಳುತ್ತ, ನಗು ತಡೆಯುತ್ತ, ಇರುವೆ ಸಾಲಿನ ಹಾಗೆ ಬರುತ್ತಲೇ ಇದ್ದರು. ಹತ್ತಾದ ಮೇಲೆ ರೇವಣಸಿದ್ದಪ್ಪನವರು ಬಗ್ಗಿ ಬಸ್ಸಿನ ಅಡಿಯನ್ನು ನೋಡಿದರು. ಇಪ್ಪತ್ತಾದ ಮೇಲೆ ಅಧಿಕಾರಿಗೆ ನಗು ಬಂತು, ಬಾಯಿಗೆ ಪುಸ್ತಕ ಅಡ್ಡ ಹಿಡಿದರು. ನಾನು ಇಪ್ಪತ್ತೆಂಟನೆಯವಳು, ಚಿಕ್ಕಬೈರಪ್ಪ ಇಪ್ಪತ್ತೊಂಬತ್ತು. ಆಮೇಲೆ ಯಾರೂ ಇಳಿಯಲಿಲ್ಲ.

"ಇಪ್ಪತ್ತೊಂಬತ್ತು," ಎಂದರು ಅಧಿಕಾರಿ.

"ಕಂಡಕ್ಟರ್‌ನೂ ಸೇರಿಸ್ಕೊಳ್ಳಿ ಸಾರ್," ಎಂದ ಚಿಕ್ಕಬೈರಪ್ಪ.

"ಅವನಿಗೆ ಸಂಬಳ ಕೊಟ್ಟು ಹತ್ತಿಸಿದೀವಿ."

ನಗು ನಿಂತುಹೋಯಿತು. ಅಕ್ಕಯಮ್ಮ ಕಂಬಿ ಹಿಡಿದು, ನೋಯುವ ಮಂಡಿಯನ್ನು ಮೆಟ್ಟಿಲಿನಿಂದ ಮೆಟ್ಟಿಲಿಗೆ ಎತ್ತಿ ಮತ್ತೆ ಬಸ್ಸು ಹತ್ತಿದಳು. ಒಳಗಿನ ಮಾತು ನನಗೆ ಕಿಟಕಿಯಿಂದ ಕೇಳಿಸಿತು.

"ಏಕಾಂತಯ್ನೋರೆ."

"ನಾನು ಇಲ್ಲ."

"ಇಲ್ಲದೋರು ಮಾತಾಡಬಾರದು."

"ಅಕ್ಕಯಮ್ಮ, ಒಬ್ರೂ ಹತ್ತಲ್ಲ ಅಂತ ಹೇಳಿದೋನು ನಾನೇ. ಈಗ ಅವರ ಎದುರಿಗೆ ಯಾವ ಮುಖ ಇಟ್ಕೊಂಡು ಇಳೀಲಿ?"

"ನಿಮ್ಮ ವಿಮಾನಕ್ಕೆ ನಾನು ಅಡ್ಡ ಬರಲ್ಲ. ಅದು ಬೇಕು ಅಂತ ದಿನಾ ಅಂಗಡಿಲಿ ಹೇಳಿ, ನಾನು ಕೂತು ಕೇಳ್ತೀನಿ. ಆದ್ರೆ ಎಂಟು ದಿನ ಈ ಬಸ್ಸಲ್ಲಿ ಬಂದಿರೋದು ನಿಜ ತಾನೆ? ಬಂದೋರು ಇಳೀಲೇಬೇಕಲ್ಲ. ನೀವು ಇಳೀದಿದ್ರೆ ನನಗೆ ಇನ್ನು ಆ ಮರ ಇಲ್ಲ."

ಬುಟ್ಟಿಗಳು ಸರಿದ ಸದ್ದಾಯಿತು. ಆಮೇಲೆ ಏಕಾಂತಯ್ಯ ಬಾಗಿಲಲ್ಲಿ ಕಾಣಿಸಿಕೊಂಡರು. ಅವರ ಕರಿಯ ಟೋಪಿಯ ಮೇಲೆ ಸಬ್ಬಸಿಗೆ ಅಂಟಿಕೊಂಡಿತ್ತು. ಮೆಟ್ಟಿಲು ಇಳಿದು ನೇರವಾಗಿ ರೇವಣಸಿದ್ದಪ್ಪನವರ ಎದುರಿಗೆ ನಿಂತು ಕೈ ಮುಗಿದರು.

"ವಿಮಾನ ನಿಲ್ದಾಣಕ್ಕೆ ನನ್ನ ಬೆಂಬಲ ಹಾಗೇ ಇದೆ ಸ್ವಾಮಿ," ಎಂದರು. "ಆದ್ರೆ ನಾನು ಮೂವತ್ತನೆಯವನು."

ಅಧಿಕಾರಿ ಬರೆದುಕೊಂಡರು. ಆಗ ಎದ್ದ ಗದ್ದಲವನ್ನು ಬರೆಯಲು ನನಗೆ ಬರುವುದಿಲ್ಲ. ಸುತ್ತಲಿನ ಮನೆಗಳವರು ಏನಾಯಿತೆಂದು ಬಾಗಿಲಿಗೆ ಬಂದರು. ಚಿಕ್ಕಬೈರಪ್ಪ ಸೀನುವನ್ನು ಎತ್ತಿ ಒಂದು ಸುತ್ತು ತಿರುಗಿಸಿದ, ಅವನ ಚೀಲದ ಚಿಲ್ಲರೆಯೆಲ್ಲ ರಸ್ತೆಗೆ ಚೆಲ್ಲಿತು. ಹೆಂಗಸರೆಲ್ಲ ಬಗ್ಗಿ ಆರಿಸಿ ಕೊಟ್ಟರು.

ಕೊನೆಗೆ ರೇವಣಸಿದ್ದಪ್ಪನವರಿಗೂ ನಗು ಬಂತು. "ಈ ಬಸ್ಸು ತಂದೋನು ನಾನೇ ಅಂತ ಮುಂದಿನ ಸಭೆಲಿ ಹೇಳ್ತೀನಿ, ನೀವು ಅಡ್ಡ ಬಾಯಿ ಹಾಕಬಾರದು ತಾಯಿ," ಎಂದರು.

"ಹೇಳ್ಕೊಳ್ಳಿ ಸ್ವಾಮಿ. ಎರಡು ಕಟ್ಟು ದಂಟು ತಗೊಂಡು ಹೋಗಿ," ಎಂದಳು ಅಕ್ಕಯಮ್ಮ. ಅವರು ತೆಗೆದುಕೊಂಡರು.

ಅವಳು ತುಂಬಿದ ಬುಟ್ಟಿಯ ಜೊತೆ ಹೊಂಗೆಮರದ ಕೆಳಗೆ ಕೂತಳು. ಗೌರಮ್ಮ ತನ್ನ ಬುಟ್ಟಿಯನ್ನು ಬಿಸಿಲಿಗೆ ಎಳೆದುಕೊಳ್ಳುತ್ತಿದ್ದಳು. "ಇರ್ಲಿ ಬಾರೆ, ಹತ್ತು ಗಂಟೆ ಮೇಲೆ ನೆರಳು ಆ ಕಡೆಗೂ ಬತ್ತದೆ," ಎಂದು ಅಕ್ಕಯಮ್ಮ ಸ್ವಲ್ಪ ಸರಿದು ಕೂತಳು.

ಬಸ್ಸು ಈಗ ದಿನಾ ಬೆಳಿಗ್ಗೆ ಬರುತ್ತದೆ. ಅಕ್ಕಯಮ್ಮ ಇನ್ನೂ ಕೆಳಗೇ ಕೂರುತ್ತಾಳೆ. ಆದರೆ ಮಧ್ಯಾಹ್ನ ಬಸ್ಸಿಲ್ಲ, ವಾಪಸು ಬರುವುದು ನಡೆದೇ. ಅದಕ್ಕೆ ಒಂದು ಅರ್ಜಿ ಆಗಬೇಕೆಂದು ಅವಳು ಹೇಳಿದ್ದಾಳೆ. ನಾಳೆ ಅದನ್ನು ಬರೆಯುತ್ತೇನೆ. ಬರೆದು ಎರಡು ಸಲ ತಿದ್ದಿ, ಊರಿನವರ ಸಹಿ, ಹೆಬ್ಬೆಟ್ಟು ಹಾಕಿಸಿಕೊಂಡು, ಸೋಮವಾರ ಅಕ್ಕಯಮ್ಮನ ಜೊತೆ ಹೋಗಿ ಆಫೀಸಿನಲ್ಲಿ ಕೊಟ್ಟು ಬರುತ್ತೇನೆ.